ಬಿಗಿದಷ್ಟೂ ಸೋರುವ ಆಯಿಲ್

ಬೆಂಗಳೂರಿನ ಚಂದ್ರಾ ಲೇಔಟಿನ ಅಡ್ಡರಸ್ತೆಗಳಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆಗಳ ಮುಂದೆ ಸಾಲಾಗಿ ನಿಂತ ಕಾರುಗಳಲ್ಲಿ ಎಂಟು ಹತ್ತು ವರ್ಷ ದಾಟಿದವುಗಳ ಅಡಿಯಲ್ಲಿ ಬಗ್ಗಿ ನೋಡಿದರೆ ಅಂಗೈಯಗಲದ ಕಪ್ಪು ಕಲೆ ಸಿಗುವುದು ಕಷ್ಟವೇನಲ್ಲ. ಕಲೆ ದೊಡ್ಡದಾದಾಗ ಮಾಲೀಕರು ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಬಾನೆಟ್ ಎತ್ತಿ ಟಾರ್ಚು ಬಿಟ್ಟು ನೋಡಿದ ಮೆಕ್ಯಾನಿಕ್ಕು, "ಟ್ಯಾಪೆಟ್ ಕವರ್ ಲೀಕ್ ಸಾರ್, ಟೈಟ್ ಮಾಡ್ಕೊಡ್ತೀನಿ" ಎಂದು ಟಿ-ಸ್ಪ್ಯಾನರ್ ತೆಗೆದುಕೊಳ್ಳುತ್ತಾನೆ. ಹತ್ತು ನಿಮಿಷದ ಕೆಲಸ, ಚಹಾದ ಖರ್ಚು. ಹದಿನೈದು ದಿನ ಎಲ್ಲ ಒಣಗಿದಂತೆ ಕಾಣುತ್ತದೆ. ಆಮೇಲೆ ಮೊದಲಿಗಿಂತ ಹೆಚ್ಚು ಸೋರುತ್ತದೆ. ಮೆಕ್ಯಾನಿಕ್ಕಿನ ಪತ್ತೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಮದ್ದು. ಈ ಸೋರಿಕೆಗೆ ಬೋಲ್ಟು ಸಡಿಲವಾಗಿದ್ದದ್ದೇ ಕಾರಣವಾಗುವುದು ಅಪರೂಪ. ಕವರಿನಡಿಯ ಪ್ಯಾಕಿಂಗಿನ (ಗ್ಯಾಸ್ಕೆಟ್ಟಿನ) ರಬ್ಬರು ಜೀವ ಕಳೆದುಕೊಂಡಿರುತ್ತದೆ, ಇಲ್ಲವೇ ಎಂಜಿನ್ನಿನೊಳಗಿನ ಗಾಳಿಗೆ ಹೊರಹೋಗುವ ದಾರಿ ಮುಚ್ಚಿರುತ್ತದೆ. ಎಷ್ಟೋ ಸಲ ಎರಡೂ ಒಟ್ಟಿಗೇ ಆಗಿರುತ್ತವೆ. ಇವೆರಡನ್ನೂ ನೋಡದೆ ಸ್ಪ್ಯಾನರ್ ತಿರುಗಿಸುವುದರಿಂದ ಸೋರಿಕೆ ನಿಲ್ಲುವುದಿಲ್ಲ, ಮುಂದೆ ನಿಲ್ಲಿಸುವುದೂ ಕಷ್ಟವಾಗುತ್ತದೆ ಎಂಬುದು ನನ್ನ ವಾದ.

ಮೊದಲು ಆ ಮುಚ್ಚಳದ ಕೆಲಸವೇನೆಂದು ನೋಡೋಣ. ಕಂಪನಿಯ ಪುಸ್ತಕಗಳು ಹೆಡ್ ಕವರ್ ಎಂದು ಕರೆಯುವ, ಗ್ಯಾರೇಜುಗಳು ಟ್ಯಾಪೆಟ್ ಕವರ್ ಎನ್ನುವ ಈ ಭಾಗ ಎಂಜಿನ್ನಿನ ನೆತ್ತಿಯ ಮೇಲೆ ಕುಳಿತಿರುತ್ತದೆ. ಅದರಡಿಯಲ್ಲಿ ಕ್ಯಾಮ್ ಶಾಫ್ಟು, ರಾಕರ್ ತೋಳುಗಳು, ವಾಲ್ವುಗಳ ಸ್ಪ್ರಿಂಗುಗಳು. ತಳದ ಸಂಪಿನಿಂದ ಆಯಿಲ್ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಮೇಲಕ್ಕೆ ಕಳಿಸುತ್ತದೆ ನಿಜ, ಆದರೆ ಆ ಒತ್ತಡ ಬೇರಿಂಗುಗಳವರೆಗೆ ಮಾತ್ರ. ಅಲ್ಲಿಂದ ಹೊರಬಿದ್ದ ಎಣ್ಣೆ ಸಿಡಿದು, ಚಿಮ್ಮಿ, ಮಂಜಾಗಿ ಹರಡಿ, ಹೆಡ್ಡಿನ ರಂಧ್ರಗಳ ಮೂಲಕ ತನ್ನ ಪಾಡಿಗೆ ಕೆಳಗಿಳಿಯುತ್ತದೆ. ಅಂದರೆ ಕವರಿನ ಅಂಚಿನಲ್ಲಿ ಪ್ಯಾಕಿಂಗು ತಡೆಯಬೇಕಾದದ್ದು ಸಿಡಿತವನ್ನು ಮಾತ್ರ. ಕೆಲಸ ಹಗುರವಾದ್ದರಿಂದಲೇ ಬಿಗಿತವೂ ಹಗುರ. ಕಾರಿನ ಚಕ್ರದ ನಟ್ಟಿಗೆ ನೂರರ ಆಸುಪಾಸು ನ್ಯೂಟನ್ ಮೀಟರ್ ಬಿಗಿತ ಬೇಕಾದರೆ ಬಹುಪಾಲು ಟ್ಯಾಪೆಟ್ ಕವರಿನ ಬೋಲ್ಟುಗಳಿಗೆ ಹೇಳಿರುವುದು 8ರಿಂದ 10 ನ್ಯೂಟನ್ ಮೀಟರ್. ಚಿಕ್ಕ ರ‍್ಯಾಚೆಟ್ಟನ್ನು ಮೂರು ಬೆರಳಲ್ಲಿ ಹಿಡಿದು ತಿರುಗಿಸಿದರೆ ಬರುವಷ್ಟು. ಇಷ್ಟು ಕಡಿಮೆ ಬಿಗಿತದಲ್ಲಿ ವರ್ಷಗಟ್ಟಲೆ ಸೋರದೆ ಇದ್ದ ಕೀಲು ಒಂದು ದಿನ ಸೋರಲು ಶುರುಮಾಡಿತೆಂದರೆ ಏನೋ ಬದಲಾಗಿದೆ ಎಂದರ್ಥ. ಆ ಬದಲಾದದ್ದನ್ನು ಹುಡುಕದೆ, ಬದಲಾಗದೇ ಇದ್ದ ಬೋಲ್ಟನ್ನು ಹಿಡಿದುಕೊಳ್ಳುವುದು ಯಾವ ತರ್ಕ?

ಹೆಚ್ಚು ಬಿಗಿದರೆ ಆಗುವ ಅನಾಹುತ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಹಳೆಯ ಅಂಬಾಸಿಡರಿನಲ್ಲಿದ್ದ ಬಿಎಂಸಿ ಬಿ-ಸೀರೀಸ್ ಎಂಜಿನ್ನಿಗೆ ತಗಡಿನ ಕವರು, ಕಾರ್ಕಿನ ಪ್ಯಾಕಿಂಗು, ಇಡೀ ಕವರನ್ನು ಹಿಡಿದಿಡಲು ನೆತ್ತಿಯ ಮೇಲೆ ಎರಡೇ ನಟ್ಟು. ಆ ನಟ್ಟನ್ನು ಜೋರಾಗಿ ತಿರುಗಿಸಿದರೆ ತಗಡು ನಡುವೆ ತಗ್ಗಿ ಅಂಚುಗಳು ಮೇಲೇಳುತ್ತವೆ, ಕಾರ್ಕು ಹಿಚುಕಿ ಹೊರಬಂದು ಸೀಳುತ್ತದೆ. ಅಂಚಿನ ಸುತ್ತ ಬೋಲ್ಟುಗಳಿರುವ ತಗಡಿನ ಕವರಿನದೂ ಇದೇ ಕಥೆ: ಬೋಲ್ಟಿನ ಬುಡ ಕುಸಿಯುತ್ತದೆ, ಎರಡು ಬೋಲ್ಟುಗಳ ನಡುವಿನ ಭಾಗ ಬಿಲ್ಲಿನಂತೆ ಬಾಗಿ ಸಂದು ಬಿಡುತ್ತದೆ, ಎಣ್ಣೆ ಅಲ್ಲಿಂದ ಇಳಿಯುತ್ತದೆ. ಅಂಥ ಕವರನ್ನು ಬಿಚ್ಚಿ, ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿದರೆ ಬೋಲ್ಟಿನ ತೂತುಗಳ ಸುತ್ತ ತಗ್ಗು ಎದ್ದು ಕಾಣುತ್ತದೆ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಲ್ಲಿ ಹದವಾಗಿ ತಟ್ಟಿ ಅದನ್ನು ಮಟ್ಟ ಮಾಡದೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ದಂಡ. ಈಚಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಕವರುಗಳಲ್ಲಿ ಲೆಕ್ಕಾಚಾರವೇ ಬೇರೆ. ರಬ್ಬರು ಕವರಿನ ತೋಡಿನೊಳಗೆ ಕೂರುತ್ತದೆ. ಬೋಲ್ಟಿಗೆ ಮೆಟ್ಟಿಲಿರುತ್ತದೆ ಅಥವಾ ಲೋಹದ ಬುಷ್ ತೊಡಿಸಿರುತ್ತಾರೆ. ಬೋಲ್ಟು ಆ ಮೆಟ್ಟಿಲಿಗೆ ತಾಗಿ ನಿಂತಾಗ ರಬ್ಬರು ಎಷ್ಟು ಅಮುಕಬೇಕೋ ಅಷ್ಟು ಅಮುಕಿ ಆಗಿರುತ್ತದೆ. ಅದರಾಚೆ ತಿರುಗಿಸಿದ ಒಂದೊಂದು ಎಳೆಯೂ ರಬ್ಬರಿಗೆ ಮುಟ್ಟುವುದೇ ಇಲ್ಲ. ಕವರು ಸೀಳುತ್ತದೆ, ಬೋಲ್ಟು ತುಂಡಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೊಡೆದುಹೋಗುತ್ತದೆ. ಪ್ಯಾಕಿಂಗಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಹೊಸ ಥ್ರೆಡ್ಡಿನ ಸುರುಳಿ, ಅಂದರೆ ಹೆಲಿಕಾಯಿಲ್, ಹಾಕಿಸುವ ಕೆಲಸವಾಗುವುದು ಹೀಗೆ.

ಹಾಗಾದರೆ ಬದಲಾದದ್ದೇನು? ಒಂದು, ರಬ್ಬರು. ಸಾಮಾನ್ಯ ನೈಟ್ರೈಲ್ ರಬ್ಬರು ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಹೊಂದಿಕೊಂಡು ಬಾಳುತ್ತದೆ, ಅದಕ್ಕಿಂತ ಮೇಲೆ ವರ್ಷಗಟ್ಟಲೆ ಬೆಂದರೆ ಗಡುಸಾಗುತ್ತದೆ. ಅಕ್ರಿಲಿಕ್ ರಬ್ಬರು ಸುಮಾರು 150 ಡಿಗ್ರಿವರೆಗೆ ತಾಳುತ್ತದೆ, ಸಿಲಿಕೋನು ಇನ್ನೂ ಮೇಲೆ. ಯಾವುದೇ ಆಗಲಿ, ಅಮುಕಿದ ರಬ್ಬರು ಮತ್ತೆ ಉಬ್ಬುವ ಗುಣವನ್ನು ಬಿಸಿಯಲ್ಲಿ ನಿಧಾನವಾಗಿ ಕಳೆದುಕೊಳ್ಳುತ್ತದೆ. ಹತ್ತು ವರ್ಷದ ಪ್ಯಾಕಿಂಗನ್ನು ಕಿತ್ತು ನೋಡಿದರೆ ಉಗುರು ಊರುವುದಿಲ್ಲ, ಬಗ್ಗಿಸಿದರೆ ಒಣಕಡ್ಡಿಯ ಹಾಗೆ ಲಟಕ್ಕನೆ ಮುರಿಯುತ್ತದೆ. ಎಂಜಿನ್ನು ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗುವ ಎರಡು ಲೋಹಗಳ ನಡುವೆ ಅದು ಜೊತೆಜೊತೆಗೆ ಉಬ್ಬಿ ತಗ್ಗಬೇಕಿತ್ತು. ಆ ಶಕ್ತಿ ಹೋದ ಮೇಲೆ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಹೊತ್ತಲ್ಲಿ ಸೋರಿ, ಬಿಸಿಯಾದಂತೆ ನಿಲ್ಲುವ ಗಾಡಿಗಳ ಗುಟ್ಟು ಇದೇ. ನಾಯಂಡಹಳ್ಳಿ ಜಂಕ್ಷನ್ನಿನಲ್ಲೋ ನಾಗರಭಾವಿ ಸರ್ಕಲ್ಲಿನಲ್ಲೋ ಸಿಗ್ನಲ್ಲಿಗೆ ನಿಂತ ಕಾರಿನ ಬಾನೆಟ್ಟಿನಡಿ ಗಾಳಿಯಾಡುವುದಿಲ್ಲ. ಓಡುವಾಗ ಬೀಸುವ ಗಾಳಿ ಕೊಂಡೊಯ್ಯಬೇಕಾದ ಶಾಖವೆಲ್ಲ ಹೆಡ್ಡಿನ ಸುತ್ತಲೇ ಸುತ್ತುತ್ತದೆ. ಬೆಂಗಳೂರಿನ ತಂಪು ಹವೆಯ ಮೇಲೆ ನಂಬಿಕೆಯಿಟ್ಟವರು ಇದನ್ನು ಮರೆಯುತ್ತಾರೆ. ಹವಾಮಾನ ವರದಿಯ ಡಿಗ್ರಿಗೂ ಬಾನೆಟ್ಟಿನಡಿಯ ಡಿಗ್ರಿಗೂ ಸಂಬಂಧವಿಲ್ಲ.

ಎರಡನೆಯದು, ಗ್ಯಾರೇಜುಗಳಲ್ಲಿ ಹೆಚ್ಚಾಗಿ ಯಾರೂ ನೋಡದಿರುವುದು, ಒಳಗಿನ ಒತ್ತಡ. ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಸಿಲಿಂಡರಿನಲ್ಲಿ ಉರಿದ ಅನಿಲದಲ್ಲಿ ಸ್ವಲ್ಪ ಪಾಲು ಅವುಗಳ ಪಕ್ಕದಿಂದ ಕೆಳಕ್ಕೆ ನುಸುಳುತ್ತದೆ. ಮೆಕ್ಯಾನಿಕ್ಕುಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಈ ಅನಿಲ ಕ್ರ್ಯಾಂಕ್ ಕೇಸಿನಿಂದ ಹೆಡ್ಡಿನವರೆಗೆ ಇಡೀ ಎಂಜಿನ್ನಿನ ಒಳಗನ್ನು ತುಂಬುತ್ತದೆ. ಮೊದಲೆಲ್ಲ ಒಂದು ಕೊಳವೆಯಿಂದ ಅದನ್ನು ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಕಾರುಗಳು ಉಗುಳುವ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಹೀಗೆ ಬರುತ್ತಿತ್ತು. ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ 1961ರಲ್ಲಿ ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಎಳೆದುಕೊಂಡು ಸುಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ವಾಹನ ಮಾಲಿನ್ಯ ತಡೆಗೆ ಅಮೆರಿಕದಲ್ಲಿ ಹಾಕಿಸಿದ ಮೊದಲ ಸಾಧನ ಇದು. ಪಿಸಿವಿ ವಾಲ್ವು ಎಂಬ ಬೆರಳುದ್ದದ ಭಾಗ ಅದರ ಹೃದಯ. ಹೊಗೆ ತಡೆಯಲು ತಂದದ್ದಾದರೂ ಅದರಿಂದ ಪ್ಯಾಕಿಂಗುಗಳಿಗೂ ಉಪಕಾರವಾಯಿತು: ಇನ್‌ಟೇಕಿನ ಸೆಳೆತಕ್ಕೆ ಎಂಜಿನ್ನಿನ ಒಳಗೆ ಸ್ವಲ್ಪ ನಿರ್ವಾತ ಉಳಿದು, ಎಣ್ಣೆ ಹೊರಗೆ ನುಗ್ಗುವ ಬದಲು ಹೊರಗಿನ ಗಾಳಿಯೇ ಒಳಗೆ ಬರುವಂತಾಯಿತು. ಆ ವಾಲ್ವೋ ಅದರ ಪೈಪೋ ಕಟ್ಟಿಕೊಂಡರೆ ಎಲ್ಲ ತಲೆಕೆಳಗು. ಕುಕ್ಕರಿನ ವಿಶಲ್ ಕೂರುವ ನಳಿಗೆಯಲ್ಲಿ ಬೇಳೆಯ ಕಸ ಸಿಕ್ಕಿಕೊಂಡರೆ ಆವಿ ಗ್ಯಾಸ್ಕೆಟ್ಟಿನ ಪಕ್ಕದಿಂದ ಬುಸುಗುಡುತ್ತದಲ್ಲ, ಆಗ ಮುಚ್ಚಳ ಒತ್ತಿ ಹಿಡಿಯುವವರು ಯಾರೂ ಇಲ್ಲ. ನಳಿಗೆಗೆ ಕಡ್ಡಿ ಹಾಕಿ ನೋಡುತ್ತಾರೆ. ಅಡುಗೆಮನೆಯ ಈ ತಿಳಿವಳಿಕೆ ಗ್ಯಾರೇಜಿಗೆ ಯಾಕೋ ಬಂದೇ ಇಲ್ಲ. (ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಿಗೆ ಈ ಕಾಟವೇ ಇರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವೂ ಇಲ್ಲ, ಅದರ ಕವರೂ ಇಲ್ಲ. ಅವು ಕಾರುತ್ತಿದ್ದ ಹೊಗೆ ಬೇರೆ ಮಾತು.)

ಪಿಸಿವಿ ಕಟ್ಟಿಕೊಳ್ಳುವುದಕ್ಕೂ ನಮ್ಮ ಓಡಾಟದ ರೀತಿಗೂ ನೇರ ನಂಟಿದೆ. ಮನೆಯಿಂದ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ, ಅಲ್ಲಿಂದ ವಿಜಯನಗರದ ಮಾರ್ಕೆಟ್ಟಿಗೆ, ಮಕ್ಕಳ ಶಾಲೆಗೆ: ಒಂದೊಂದು ಸವಾರಿ ಎರಡು ಮೂರು ಕಿಲೋಮೀಟರು. ನೀರು ಬೇಗ ಬಿಸಿಯಾಗಿ ಮೀಟರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಎಂಜಿನ್ನಿನೊಳಗೆ ಹನಿಗಟ್ಟಿ, ಎಣ್ಣೆಯ ಮಂಜಿನ ಜೊತೆ ಕಲಸಿ, ಕಾಫಿ ಬಣ್ಣದ ಲೋಳೆಯಾಗುತ್ತದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಬದಿಯಲ್ಲಿ ಮೆತ್ತಿಕೊಂಡಿರುವುದು ಅದೇ. ಅದು ಪಿಸಿವಿ ಪೈಪಿನಲ್ಲೂ ಮೆತ್ತಿಕೊಳ್ಳುತ್ತದೆ. ಆಯಿಲ್ ಬದಲಾಯಿಸುವ ಗಡುವು ದಾಟಿಸಿದವರ ಗಾಡಿಯಲ್ಲಿ ಅದು ಗಟ್ಟಿಯಾಗಿ ಡಾಂಬರಿನಂತಾಗುತ್ತದೆ. ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಪೆಟ್ರೋಲ್ ಕಾರನ್ನು ಬಿಸಿ ಮಾಡಿ ಐಡ್ಲಿಂಗಿಗೆ ಬಿಟ್ಟು, ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಹಾಳೆ ಮೆಲ್ಲನೆ ಒಳಕ್ಕೆ ಎಳೆದುಕೊಂಡರೆ ದಾರಿ ತೆರೆದಿದೆ. ಪಟಪಟನೆ ಮೇಲಕ್ಕೆ ಹಾರಿದರೆ ಒಳಗೆ ಒತ್ತಡವಿದೆ. ಪಿಸಿವಿ ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗಿನ ಬಿಲ್ಲೆ ಕಟಕಟ ಎನ್ನಬೇಕು, ಎನ್ನದಿದ್ದರೆ ಅಂಟಿಕೊಂಡಿದೆ. ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದು ಬಂದಿದ್ದರಂತೂ ಬೇರೆ ಸಾಕ್ಷಿಯೇ ಬೇಡ. ಡೀಸೆಲ್ ಗಾಡಿಗೆ ಮಾತ್ರ ಈ ಅಳತೆಯನ್ನು ಹಾಗೆಯೇ ಹಚ್ಚಬಾರದು. ಅವುಗಳ ಮುಚ್ಚಳ ತೆಗೆದಾಗ ತುಸು ಹೊಗೆಯಾಡುವುದು ಸಹಜ, ಅದನ್ನೇ ತೋರಿಸಿ "ಎಂಜಿನ್ ಹೋಯ್ತು ಸಾರ್, ಬೋರ್ ಮಾಡಿಸ್ಬೇಕು" ಎಂದು ಹೆದರಿಸುವವರ ಮಾತಿಗೆ ತಲೆಯಾಡಿಸಬೇಕಿಲ್ಲ.

ಮೂಲ ಬಿಟ್ಟು ತುದಿಗೆ ಮದ್ದು ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಪ್ರಮಾಣದ ಉದಾಹರಣೆ ಅಮೆರಿಕದ ಜನರಲ್ ಮೋಟಾರ್ಸಿನದು. ಅದರ 3.8 ಲೀಟರ್ ವಿ-6 ಎಂಜಿನ್ನಿನ ಪಾಂಟಿಯಾಕ್, ಬ್ಯೂಕ್, ಷೆವರ್ಲೆ ಕಾರುಗಳಲ್ಲಿ ಕವರಿನ ಗ್ಯಾಸ್ಕೆಟ್ಟಿನಿಂದ ಜಿನುಗಿದ ಎಣ್ಣೆ ಜೋರಾಗಿ ಬ್ರೇಕ್ ಹಾಕಿದಾಗ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಹೊತ್ತಿಕೊಳ್ಳುತ್ತಿತ್ತು. ಕಂಪನಿ 2008 ಮತ್ತು 2009ರಲ್ಲಿ ಕಾರುಗಳನ್ನು ವಾಪಸು ಕರೆಸಿ ಮಾಡಿದ್ದೇನು? ಆ ಬೆಂಕಿಗೆ ಹೊತ್ತಿಕೊಂಡು ಅದನ್ನು ಹಬ್ಬಿಸುತ್ತಿದ್ದ, ಸ್ಪಾರ್ಕ್ ಪ್ಲಗ್ ವೈರುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಭಾಗವನ್ನು ಬದಲಾಯಿಸಿತು. ಸೋರಿಕೆ ಇದ್ದಲ್ಲೇ ಇತ್ತು. ಹೀಗೆ ರಿಪೇರಿಯಾದ ಕಾರುಗಳಲ್ಲೇ 1,300ಕ್ಕೂ ಹೆಚ್ಚು ಮತ್ತೆ ಬೆಂಕಿಗೆ ಸಿಕ್ಕವು. 2015ರ ಅಕ್ಟೋಬರಿನಲ್ಲಿ ಸುಮಾರು 14 ಲಕ್ಷ ಕಾರುಗಳನ್ನು ಇನ್ನೊಮ್ಮೆ ಕರೆಸಬೇಕಾಯಿತು. ಆಗ ಕಂಪನಿ ಕೊಟ್ಟ ಕಾರಣ, ವಯಸ್ಸಾದಂತೆ ಮತ್ತು ಓಡಿದಂತೆ ಕವರೂ ಗ್ಯಾಸ್ಕೆಟ್ಟೂ ಹಾಳಾಗುತ್ತವೆ ಎಂಬುದು. ನಮ್ಮಲ್ಲಿ ಎಲ್ಲ ಸೋರಿಕೆಯೂ ಬೆಂಕಿಯಾಗುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಬಹುತೇಕ ಸಲ ಅದು ಏಸಿ ಹಾಕಿದಾಗ ಒಳಬರುವ ಸುಟ್ಟ ಎಣ್ಣೆಯ ವಾಸನೆಯಲ್ಲೇ ಮುಗಿಯುತ್ತದೆ. ಆದರೆ ಎಣ್ಣೆ ಕೆಳಗಿಳಿಯುವ ದಾರಿಯಲ್ಲಿ ಆಲ್ಟರ್ನೇಟರು, ಬೆಲ್ಟು, ರಬ್ಬರ್ ಹೋಸುಗಳು ಇವೆ. ಸ್ಪಾರ್ಕ್ ಪ್ಲಗ್ಗಿನ ಗುಂಡಿಗೆ ಇಳಿದರೆ ಕಾಯಿಲ್ ಕೆಟ್ಟು ಎಂಜಿನ್ನು ಮಿಸ್ಸಿಂಗ್ ಹೊಡೆಯುತ್ತದೆ. ಆಗ ಪ್ಲಗ್ಗು ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ, ಗುಂಡಿಯ ಸುತ್ತಲಿನ ನೂರಾರು ರೂಪಾಯಿಯ ರಬ್ಬರ್ ಸೀಲನ್ನು ಮಾತ್ರ ಹಾಗೇ ಬಿಡುತ್ತಾರೆ.

ಬಿಗಿ ಮಾಡಿದ ಮೇಲೆ ಸೋರಿಕೆ ನಿಂತ ಗಾಡಿಗಳೂ ಇವೆಯಲ್ಲ ಎಂದು ಕೇಳಬಹುದು. ಇವೆ. ಕಂಪನಕ್ಕೆ ಬೋಲ್ಟು ನಿಜವಾಗಿಯೂ ಸಡಿಲಗೊಂಡ ಗಾಡಿಗಳು, ಕಾರ್ಕಿನ ಹೊಸ ಪ್ಯಾಕಿಂಗು ನಾಲ್ಕು ಸಲ ಬಿಸಿಯಾಗಿ ತಣಿದು ಕೂತ ಗಾಡಿಗಳು. ಇವಕ್ಕೆ ಒಮ್ಮೆ ಹದ ನೋಡಿ ಬಿಗಿಯುವುದು ಸರಿಯೇ. ಅದನ್ನು ತಿಳಿಯುವ ಬಗೆಯೂ ಸುಲಭ: ಟಾರ್ಕ್ ರೆಂಚನ್ನು ಪುಸ್ತಕದಲ್ಲಿ ಹೇಳಿದ ಅಳತೆಗೆ ಇಟ್ಟು ತಿರುಗಿಸಿದಾಗ ಬೋಲ್ಟು ಅಲುಗುವ ಮೊದಲೇ ರೆಂಚು ಟಕ್ ಎಂದರೆ ಅದು ಸಡಿಲವಾಗಿರಲೇ ಇಲ್ಲ. ಇನ್ನುಳಿದ ಗಾಡಿಗಳಲ್ಲಿ ಬಿಗಿದ ಮೇಲೆ ಕೆಲವು ದಿನ ನಿಲ್ಲುವುದು ಸತ್ತ ರಬ್ಬರಿನ ಕೊನೆಯ ಎಳೆಯನ್ನೂ ಹಿಂಡಿದ್ದಕ್ಕೆ. ಇದಕ್ಕೇ ಹೊಂದಿಕೊಂಡ ಇನ್ನೊಂದು ಮಾತಿದೆ, ಕೆಲವು ಎಂಜಿನ್ನುಗಳ ಜಾಯಮಾನವೇ ಸೋರುವುದು ಎಂಬುದು. ಬುಲೆಟ್ ಎಂದ ಮೇಲೆ ಆಯಿಲ್ ತೊಟ್ಟಿಕ್ಕಲೇಬೇಕು ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಹಳೆಯ ಬುಲೆಟ್ಟಿನಲ್ಲಿ ಒಂದೇ ದೊಡ್ಡ ಪಿಸ್ಟನ್ನು. ಅದು ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್ ಕೇಸಿನ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಹೊರಹೋಗಿ ಮರಳಿ ಬರದಂತೆ ಗಾಳಿ ಬಿಡುವ ಕೊಳವೆಯಲ್ಲಿ, ಅಂದರೆ ಬ್ರೀದರಿನಲ್ಲಿ, ಚಪ್ಪಟೆ ಬಾಯಿಯ ರಬ್ಬರ್ ವಾಲ್ವು ಇತ್ತು. ಅದು ಗಡುಸಾದ ದಿನದಿಂದ ರಾಕರ್ ಕವರಿನ ಅಂಚು ಒದ್ದೆ. ಎರಕದ ಕಬ್ಬಿಣದ ಸಿಲಿಂಡರಿಗೂ ಅಲ್ಯೂಮಿನಿಯಂ ಹೆಡ್ಡಿಗೂ ಹಿಗ್ಗುವ ಪ್ರಮಾಣ ಬೇರೆ ಎಂಬುದು ಜೊತೆಗೆ. 2009ರ ಸುಮಾರಿಗೆ ಕಂಪನಿ ಗೇರ್ ಬಾಕ್ಸೂ ಸೇರಿದ ಒಂದೇ ಕವಚದ ಹೊಸ ಎಂಜಿನ್ ತಂದ ಮೇಲೆ ಅದೇ ಬುಲೆಟ್ಟಿನ ಕೆಳಗೆ ತಟ್ಟೆ ಇಡುವ ಅಗತ್ಯ ಬಹಳ ಕಡಿಮೆಯಾಯಿತು. ಹಣೆಬರಹವೆಂದು ಬಿಟ್ಟದ್ದು ವಿನ್ಯಾಸದ ಪ್ರಶ್ನೆಯಾಗಿತ್ತು ಅಷ್ಟೇ. ಸ್ಪ್ಲೆಂಡರಿನಂಥ ಬೈಕುಗಳಲ್ಲಿ ಟ್ಯಾಪೆಟ್ ಮುಚ್ಚಳಗಳಿಗೆ ಎರಡು ಸಣ್ಣ ಓ-ರಿಂಗುಗಳಿವೆ. ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿದಾಗ ಅವನ್ನೂ ಹೊಸದು ಹಾಕಿದರೆ ಮುಗಿಯಿತು, ಚರ್ಚೆಯೇ ಬೇಡ.

ಇನ್ನು ಅನಾಬಾಂಡ್. ಟ್ಯೂಬಿನಲ್ಲಿ ಬರುವ ಈ ಸಿಲಿಕೋನ್ ಪೇಸ್ಟು ನಮ್ಮ ಗ್ಯಾರೇಜುಗಳ ಸರ್ವರೋಗ ನಿವಾರಕ. ಕಂಪನಿಗಳೇ ಪೇಸ್ಟು ಹಾಕಲು ಹೇಳಿವೆಯಲ್ಲ ಎಂಬ ವಾದದಲ್ಲಿ ಹುರುಳಿದೆ. ಹೆಡ್ಡೂ ಟೈಮಿಂಗ್ ಕವರೂ ಕೂಡುವ ಮೂಲೆಯಲ್ಲಿ, ಕ್ಯಾಮಿನ ಅರ್ಧಚಂದ್ರ ತಿರುವಿನ ಬುಡದಲ್ಲಿ ರಬ್ಬರು ತುಂಬಲಾಗದ ಸಣ್ಣ ಸಂದು ಇರುತ್ತದೆ. ಅಲ್ಲಿ ಒಂದೊಂದು ಬೊಟ್ಟು ಪೇಸ್ಟು ಇಡಲೇಬೇಕು, ಇಡದಿದ್ದರೆ ಹೊಸ ಪ್ಯಾಕಿಂಗೂ ಆ ಮೂಲೆಯಿಂದ ಸೋರುತ್ತದೆ. ತಕರಾರು ಇರುವುದು ಹಳೆಯ ಪ್ಯಾಕಿಂಗಿನ ಸುತ್ತ ಉದ್ದಕ್ಕೂ ಹಚ್ಚುವುದರ ಬಗ್ಗೆ. ರಬ್ಬರು ತನ್ನ ತೋಡಿನಲ್ಲಿ ಕಚ್ಚಿ ಕೂರಬೇಕು. ಪೇಸ್ಟಿನ ಪದರ ಅದನ್ನು ಜಾರಿಸುತ್ತದೆ. ಹೆಚ್ಚಾದ ಪೇಸ್ಟು ಹೊರಗೆ ಎಷ್ಟು ಹಿಚುಕಿ ಬರುತ್ತದೋ ಒಳಗೂ ಅಷ್ಟೇ ಹೋಗುತ್ತದೆ. ಅಲ್ಲಿ ಹುಳದಂತೆ ಜೋತುಬಿದ್ದು, ಒಂದು ದಿನ ಕಿತ್ತು, ಸಂಪಿಗೆ ಇಳಿದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಸೋರಿಕೆಗಿಂತ ದೊಡ್ಡ ಗಂಡಾಂತರ. ಎಣ್ಣೆಯ ಪಸೆ ಇರುವ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ಪದಾರ್ಥ ಅದು. ಪೂರ್ತಿ ಬಲಿಯಲು ಸುಮಾರು ಒಂದು ದಿನ ಬೇಕು. ಹಚ್ಚಿದ ಅರ್ಧ ಗಂಟೆಗೆ "ಆಯ್ತು ಸಾರ್, ಎತ್ಕೊಂಡು ಹೋಗಿ" ಎಂದರೆ ಆ ಕೆಲಸದ ಆಯುಷ್ಯ ಊಹಿಸಬಹುದು. ಹಣ ಉಳಿಸಲು ಎನ್ನುತ್ತೀರಾ? ಬಹುಪಾಲು ಚಿಕ್ಕ ಕಾರುಗಳ ಪ್ಯಾಕಿಂಗ್ ಜೆ.ಸಿ. ರೋಡಿನ ಅಂಗಡಿಗಳಲ್ಲಿ ದುಬಾರಿಯೇನಲ್ಲ. ಆದರೆ ಅಲ್ಲೇ ಇನ್ನೂ ಅಗ್ಗಕ್ಕೆ ಸಿಗುವ ಡೂಪ್ಲಿಕೇಟಿನ ರಬ್ಬರು ಯಾವ ಜಾತಿಯದೋ ಹೇಳುವವರಿಲ್ಲ. ಉಳಿತಾಯ ಮಾಡಬಾರದ ಜಾಗ ಅದೊಂದೇ.

ಸರಿಯಾದ ಕೆಲಸ ತೊಳೆಯುವುದರಿಂದ ಶುರುವಾಗಬೇಕು, ಯಾಕೆಂದರೆ ಎಣ್ಣೆ ಸೋರಿದ ಜಾಗವೂ ತೊಟ್ಟಿಕ್ಕುವ ಜಾಗವೂ ಒಂದೇ ಆಗಿರುವುದಿಲ್ಲ. ಕವರಿನ ಹಿಂಬದಿಯಿಂದ ಇಳಿದ ಎಣ್ಣೆ ಬ್ಲಾಕಿನ ಬೆನ್ನಿನ ಮೇಲೆ ಹರಿದು ಎಂಜಿನ್ನೂ ಗೇರ್ ಬಾಕ್ಸೂ ಕೂಡುವಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ಮಾತ್ರ ನೋಡಿದವರಿಗೆ ಅದು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋದಂತೆ ಕಾಣುತ್ತದೆ. ಆ ಸೀಲು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು, ಇಡೀ ದಿನದ ಕೆಲಸ, ಸಾವಿರಾರು ರೂಪಾಯಿ ಕೂಲಿ. ಇಳಿಸಿ ಏರಿಸಿದ ಮೇಲೂ ಮೇಲಿನಿಂದ ಎಣ್ಣೆ ಬರುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಇಗ್ನಿಷನ್ನಿಗೂ ಆಲ್ಟರ್ನೇಟರಿಗೂ ನೀರು ತಾಗದಂತೆ ಮುಚ್ಚಿ, ಎಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಿ, ಸಂದೇಹದ ಅಂಚಿಗೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ಒಂದೆರಡು ದಿನ ಓಡಿಸಿ ನೋಡುವುದು ಒಳ್ಳೆಯದು. ಪೌಡರು ಒದ್ದೆಯಾದಲ್ಲಿ ಸೋರಿಕೆ. ಆಮೇಲೆ ಪಿಸಿವಿ. ಅದನ್ನು ತೊಳೆದರೆ ಅಥವಾ ಬದಲಿಸಿದರೆ ಸೋರಿಕೆ ತಾನಾಗಿ ನಿಲ್ಲುವ ಗಾಡಿಗಳೂ ಉಂಟು. ನಿಲ್ಲದಿದ್ದರೆ ಮಾತ್ರ ಕವರು ಬಿಚ್ಚಬೇಕು. ಹಳೆಯ ರಬ್ಬರಿನ ಚೂರು, ಹಿಂದೆ ಯಾರೋ ಹಚ್ಚಿದ ಪೇಸ್ಟು ಎಲ್ಲವನ್ನೂ ಲೋಹಕ್ಕೆ ಗೀರು ಬೀಳದಂತೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಹೆಡ್ಡಿನೊಳಗೆ ಬೀಳದಂತೆ ಒರೆಸಿ, ಪ್ಲಗ್ ಗುಂಡಿಯ ಸೀಲುಗಳನ್ನೂ ಜೊತೆಗೇ ಹೊಸದು ಹಾಕಿ, ನಡುವಿನ ಬೋಲ್ಟಿನಿಂದ ಆರಂಭಿಸಿ ಎರಡೂ ಕಡೆಗೆ ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ, ಪುಸ್ತಕದ ಅಳತೆಗೆ ಬಿಗಿದರೆ ಮುಗಿಯಿತು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನ ಹಳೆಯ ಕೈಗಳಿಗೆ ಅಳತೆ ಬೆರಳಲ್ಲೇ ಗೊತ್ತಿರುತ್ತದೆ ಎನ್ನುವವರಿದ್ದಾರೆ. ಅಂಥ ಕೈಗಳು ಇವೆ, ಒಪ್ಪುತ್ತೇನೆ. ಆದರೆ ಸಂಜೆ ಆರು ಗಂಟೆಗೆ ಬೋಲ್ಟು ತಿರುಗಿಸುವುದು ಹೆಚ್ಚಾಗಿ ಆ ಕೈ ಅಲ್ಲ, ಅವರ ಹತ್ತಿರ ಮೊನ್ನೆ ಸೇರಿದ ಹುಡುಗನದು.

ಹೆಚ್ಚು ತೂಕದ ಆಕ್ಷೇಪ ಹಣದ್ದು. ಹದಿಮೂರು ವರ್ಷದ ಕಾರು, ತಿಂಗಳಿಗೊಮ್ಮೆ ಕಾಲು ಲೀಟರ್ ಆಯಿಲ್ ಟಾಪ್ ಅಪ್ ಮಾಡಿದರೆ ಸಾಕು, ಇಷ್ಟೆಲ್ಲ ಯಾಕೆ ಎಂದು ಕೇಳುವವರು ಲೆಕ್ಕದಲ್ಲಿ ಒಂದು ಅಂಶ ಬಿಡುತ್ತಾರೆ. ಟ್ಯಾಪೆಟ್ ಕವರು ನಿಂತ ಎಣ್ಣೆಯ ಮಟ್ಟಕ್ಕಿಂತ ಬಹಳ ಮೇಲಿದೆ. ಎಂಜಿನ್ನು ಓಡುವಾಗ ಮಾತ್ರ ಅಲ್ಲಿ ಎಣ್ಣೆ ಸಿಡಿಯುತ್ತದೆ, ಒತ್ತಡ ಏಳುತ್ತದೆ. ಮನೆಯ ಮುಂದೆ ಕಾಣುವ ಕಲೆ ನಿಲ್ಲಿಸಿದ ಮೇಲೆ ಜಿನುಗಿದ ಉಳಿಕೆ ಅಷ್ಟೇ, ಸೋರಿದ್ದರಲ್ಲಿ ಹೆಚ್ಚಿನ ಪಾಲು ಆಗಲೇ ರಸ್ತೆಯ ಮೇಲಾಗಿದೆ. ಸುಮಾರು ಇಪ್ಪತ್ತರಿಂದ ಇಪ್ಪತ್ತೈದು ಹನಿ ಸೇರಿದರೆ ಒಂದು ಮಿಲಿಲೀಟರು. ಓಡುವಾಗ ಐದು ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಎರಡು ಗಂಟೆ ಓಡಿಸಿದರೆ 1,440 ಹನಿ, ಅಂದರೆ 60ರಿಂದ 70 ಮಿಲಿಲೀಟರು. ತಿಂಗಳಿಗೆ ಸರಿಸುಮಾರು ಎರಡು ಲೀಟರು. ಚಿಕ್ಕ ಕಾರಿನ ಸಂಪಿನಲ್ಲಿ ಇರುವುದೇ ಮೂರು ಲೀಟರಿನ ಆಸುಪಾಸು. ಬಿದ್ದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದೂ ಇದೆ. ಏಪ್ರಿಲ್ ಮೇ ತಿಂಗಳ ಮೊದಲ ಮಳೆಗೆ ಟಾರು ರಸ್ತೆಯ ಎಣ್ಣೆಯ ಪಸೆ ಮೇಲೆದ್ದು ಸ್ಕೂಟರುಗಳು ಜಾರುತ್ತವೆ. ಮಳೆ ಜೋರಾದರೆ ಚಂದ್ರಾ ಲೇಔಟ್, ವಿಜಯನಗರ, ನಾಗರಭಾವಿಯ ಚರಂಡಿ ನೀರೆಲ್ಲ ರಾಜಕಾಲುವೆ ಹಿಡಿದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಅರ್ಕಾವತಿಗೆ. ಒಂದು ಆಯಿಲ್ ಚೇಂಜಿನ ಬಳಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ವೃಷಭಾವತಿಯಲ್ಲಿ ಕೆಡಲು ಇನ್ನೇನು ಉಳಿದಿದೆ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ. ಗ್ಯಾರೇಜು ಡಬ್ಬದಲ್ಲಿ ಸಂಗ್ರಹಿಸುವ ಹಳೆಯ ಆಯಿಲ್ಲನ್ನು ನಮ್ಮ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಲೆಕ್ಕ ಹಾಕುತ್ತವೆ, ಅದೇ ಎಣ್ಣೆ ಹನಿಹನಿಯಾಗಿ ರಸ್ತೆಗೆ ಬಿದ್ದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ದಪ್ಪ ಆಯಿಲ್ ಹಾಕಿಬಿಡಿ ಎಂಬ ಸಲಹೆಯನ್ನು ಒಂದೇ ಮಾತಿನಲ್ಲಿ ಬದಿಗಿಡಬಹುದು: ಚಳಿಗೆ ಅದು ಮೇಲೇರಲು ತಡವಾಗಿ ಕ್ಯಾಮ್ ಸವೆಯುತ್ತದೆ, ಬಿಸಿಯಾದ ಮೇಲೆ ಸಂದಿನಿಂದ ಹೇಗೂ ಇಳಿಯುತ್ತದೆ. ಹೊಸ ತಲೆಮಾರಿನ ಕೆಲವು ಎಂಜಿನ್ನುಗಳಲ್ಲಿ ಪಿಸಿವಿಯ ತೆಳು ಪೊರೆಯನ್ನು ಪ್ಲಾಸ್ಟಿಕ್ ಕವರಿನೊಳಗೇ ಕೂರಿಸಿದ್ದಾರೆ. ಅದು ಹರಿದರೆ ಇಡೀ ಕವರು ಬದಲಿಸಬೇಕು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಂಥ ಗಾಡಿಗಳಲ್ಲಿ ಐಡ್ಲಿಂಗಿನಲ್ಲಿ ಸಣ್ಣ ಶಿಳ್ಳೆಯ ಸದ್ದು ಬಂದರೆ, ಆಯಿಲ್ ಮುಚ್ಚಳ ತೆಗೆಯಲಾಗದಷ್ಟು ಗಟ್ಟಿಯಾಗಿ ಅಂಟಿಕೊಂಡರೆ ಪೊರೆ ಹೋಗಿದೆಯೆಂದು ತಿಳಿದು ಬೇಗ ತೋರಿಸುವುದು ಲೇಸು. ಉಳಿದದ್ದು ತೀರಾ ಸವೆದ ಎಂಜಿನ್ನುಗಳ ಮಾತು. ಪಿಸಿವಿ ಚೊಕ್ಕಟವಾಗಿದ್ದೂ ಪ್ಲಾಸ್ಟಿಕ್ ಹಾಳೆ ಮೇಲಕ್ಕೇ ಹಾರುತ್ತಿದ್ದರೆ ರಿಂಗುಗಳು ಸವೆದು, ಆ ಸಣ್ಣ ವಾಲ್ವು ಎಳೆದುಕೊಳ್ಳಲಾರದಷ್ಟು ಅನಿಲ ಕೆಳಗಿಳಿಯುತ್ತಿದೆ. ಆಗ ಎಷ್ಟು ಒಳ್ಳೆಯ ಪ್ಯಾಕಿಂಗೂ ನಿಲ್ಲುವುದಿಲ್ಲ. ಈ ಹಂತದಲ್ಲಿ ಕೆಲವು ಗ್ಯಾರೇಜುಗಳು ಬ್ರೀದರ್ ಪೈಪನ್ನು ಕಿತ್ತು ತುದಿಯನ್ನು ರಸ್ತೆಗೆ ಇಳಿಬಿಡುತ್ತವೆ. ಕವರಿನ ಅಂಚು ಒಣಗುತ್ತದೆ, ಮಾಲೀಕರಿಗೂ ಸಮಾಧಾನ, ಗಾಡಿ ಮಾತ್ರ 1961ಕ್ಕೂ ಹಿಂದಿನ ಕಾಲಕ್ಕೆ ಮರಳಿ ಎಣ್ಣೆಯ ಮಂಜನ್ನು ಹಿಂದಿನ ಸ್ಕೂಟರಿನವರ ಮುಖಕ್ಕೆ ಊದುತ್ತದೆ. ಅದರ ಬದಲು ಪ್ಲಗ್ಗುಗಳನ್ನು ಕಿತ್ತು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ರಿಂಗ್ ಕೆಲಸ ಮಾಡಿಸಬೇಕೋ ಹದಿನೈದು ವರ್ಷದ ರೀ-ರಿಜಿಸ್ಟ್ರೇಷನ್ನಿಗೆ ಮುಂಚೆಯೇ ಗಾಡಿ ಮಾರಬೇಕೋ ಎಂಬುದನ್ನು ಆ ಅಂಕಿ ನೋಡಿ ತೀರ್ಮಾನಿಸಬಹುದು. ಪ್ಯಾಕಿಂಗ್ ಕೊಳ್ಳುವುದು ಅದಾದ ಮೇಲೆ.